ಒಂಬತ್ತು ಜನರ ಟೇಬಲ್ಲಿಗೆ ನಾಲ್ಕು ಅರಂಚೀನಿ: ಮೈಸೂರಿನ ಒಂದು ಇಟಾಲಿಯನ್ ರೆಸ್ಟೋರೆಂಟಿನ ಪ್ರಕರಣ

ದೊಡ್ಡ ಕುಟುಂಬವೊಂದು ಸಂಭ್ರಮದ ದಿನ ಹೊರಗೆ ಊಟಕ್ಕೆ ಹೋಗಿ, ಅರ್ಧ ಊಟದಲ್ಲಿ ಎದ್ದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದ ಪ್ರಕರಣ ಇದು. ಮಗು ಅದೇ ರಾತ್ರಿ ಕ್ಷೇಮವಾಗಿ ಮನೆಗೆ ಮರಳಿತು. ಹೋಟೆಲುಗಳಲ್ಲಿ ಬಡಿಸುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ದೂರು ಬಂದ ಮೇಲೆ ರೆಸ್ಟೋರೆಂಟಿನ ಮಾಲೀಕರು ನನ್ನನ್ನು ಕರೆದರು. ಕುಟುಂಬದವರೂ ಮನಸ್ಸು ಬಿಚ್ಚಿ ಮಾತನಾಡಿದರು. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಯಾರು ಏನು ಕೇಳಿದರು, ಯಾರು ಏನು ಉತ್ತರಿಸಿದರು, ಯಾವ ತಟ್ಟೆ ಯಾವಾಗ ಬಂತು ಎಂಬುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಉಳಿಸಿಕೊಂಡಿದ್ದೇನೆ. ಕಲಿಯಬೇಕಾದದ್ದು ಇರುವುದು ಅಲ್ಲಿಯೇ.

ಹಿನ್ನೆಲೆ

ಮೈಸೂರಿಗೆ ಇಟಾಲಿಯನ್ ಅಡುಗೆ ಬಂದ ದಾರಿಗಳಲ್ಲಿ ಯೋಗವೂ ಒಂದು. ಪಟ್ಟಾಭಿ ಜೋಯಿಸರ ಬಳಿ ಅಷ್ಟಾಂಗ ಯೋಗ ಕಲಿಯಲು ಬಂದ ವಿದೇಶಿಯರು ಮೊದಲು ಲಕ್ಷ್ಮೀಪುರಂ ಸುತ್ತಮುತ್ತ, 2002ರಲ್ಲಿ ಶಾಲೆ ಗೋಕುಲಂಗೆ ಹೋದ ಮೇಲೆ ಅಲ್ಲಿ, ತಿಂಗಳುಗಟ್ಟಲೆ ಬಾಡಿಗೆಗೆ ಉಳಿಯತೊಡಗಿದರು. ಅವರಿಗಾಗಿ ಕೆಫೆಗಳು ಹುಟ್ಟಿಕೊಂಡವು. ನಾನು ಹೇಳುತ್ತಿರುವ ರೆಸ್ಟೋರೆಂಟ್ ಆ ಕೆಫೆಗಳ ಮುಂದಿನ ಪೀಳಿಗೆಯದು. ಇಲ್ಲಿಗೆ ಬರುವವರು ಹೆಚ್ಚಾಗಿ ಊರಿನವರೇ. ಕುವೆಂಪುನಗರ, ಸರಸ್ವತೀಪುರಂ, ವಿಜಯನಗರದ ಕುಟುಂಬಗಳು. ಶನಿವಾರ ಸಂಜೆ ಮೊದಲೇ ಕಾಯ್ದಿರಿಸದೆ ಜಾಗ ಸಿಗುವುದಿಲ್ಲ. ಅಡುಗೆ ಚೆನ್ನಾಗಿದೆ, ಇದನ್ನು ಮೊದಲೇ ಹೇಳಿಬಿಡಬೇಕು. ಫೊಕಾಚಾ ಎಂಬ ದಪ್ಪ ಮೆತ್ತನೆಯ ಬ್ರೆಡ್ಡನ್ನು ಪ್ರತಿದಿನ ಅಲ್ಲಿಯೇ ಸುಡುತ್ತಾರೆ.

ಅಲ್ಲಿನ ಪದ್ಧತಿ ಸಣ್ಣ ತಟ್ಟೆಗಳದು. ವೆನಿಸ್ ನಗರದಲ್ಲಿ ಬಾಕಾರೊ ಎಂಬ ಪುಟ್ಟ ಮದ್ಯದಂಗಡಿಗಳಿವೆ. ಅಲ್ಲಿ ಜನ ನಿಂತುಕೊಂಡೇ ಒಂದು ಚಿಕ್ಕ ಲೋಟ ವೈನ್ ಜೊತೆ ಚಿಕೆಟ್ಟಿ ಎಂಬ ಒಂದೆರಡು ತುತ್ತಿನ ತಿಂಡಿಗಳನ್ನು ತಿನ್ನುತ್ತಾರೆ. ಇಟಲಿಯ ಮನೆಯ ದೊಡ್ಡ ಊಟದ ಕ್ರಮ ಬೇರೆ. ಮೊದಲು ಆಂಟಿಪಾಸ್ತಿ ಎಂಬ ಆರಂಭದ ತಿಂಡಿಗಳು, ನಂತರ ಪಾಸ್ತಾ ಅಥವಾ ರಿಸೊಟ್ಟೊ ಎಂಬ ಅನ್ನದ ಪದಾರ್ಥ, ಆಮೇಲೆ ಮಾಂಸ ಅಥವಾ ಮೀನು, ಪಕ್ಕದಲ್ಲಿ ತರಕಾರಿ, ಕೊನೆಗೆ ಸಿಹಿ. ಈಗ ಎಲ್ಲ ದೊಡ್ಡ ಊರುಗಳಲ್ಲೂ ಹಬ್ಬಿರುವ ಸಣ್ಣ ತಟ್ಟೆಯ ರೆಸ್ಟೋರೆಂಟುಗಳು ಈ ಎರಡನ್ನೂ ಕಲಸಿಕೊಂಡಿವೆ. ಎಲ್ಲ ಪದಾರ್ಥಗಳೂ ಚಿಕ್ಕ ತಟ್ಟೆಯಲ್ಲಿ, ಎಲ್ಲರಿಗೂ ಹಂಚಿಕೊಳ್ಳಲು, ಒಲೆಯ ಮೇಲೆ ಯಾವುದು ಮೊದಲು ಆಗುತ್ತದೆಯೋ ಅದು ಮೊದಲು.

ಇಬ್ಬರು ಗೆಳೆಯರು ಹೋದರೆ ಇದಕ್ಕಿಂತ ಸೊಗಸಾದ ಊಟ ಬೇರೊಂದಿಲ್ಲ. ಒಂಬತ್ತು ಜನ, ನಾಲ್ಕು ತಲೆಮಾರು ಒಟ್ಟಿಗೆ ಕುಳಿತಾಗ ಏನಾಗುತ್ತದೆ ಎಂಬುದನ್ನು ಈ ಪದ್ಧತಿ ಯೋಚಿಸಿಯೇ ಇಲ್ಲ.

ಕುಟುಂಬದ ಸಂದರ್ಭ ಹೀಗಿತ್ತು. ಹಿರಿಯ ಸೊಸೆ ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದರು. ಅವರ ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು; ಕಟ್ಟುನಿಟ್ಟಿನ ಸಸ್ಯಾಹಾರ, ಮೊಟ್ಟೆಯೂ ಸಲ್ಲದು, ಇನ್ನೊಬ್ಬರ ಚಮಚ ತಾಗಿದ ತಟ್ಟೆಯಿಂದ ತಿನ್ನುವ ಅಭ್ಯಾಸವಿಲ್ಲ. ಸಕ್ಕರೆ ಕಾಯಿಲೆಯ ಒಂದು ಮಾತ್ರೆಯನ್ನು ಅವರು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಬೆಂಗಳೂರಿನಿಂದ ಮೊಮ್ಮಗ, ಅವನ ಹೆಂಡತಿ, ಎಂಟು ವರ್ಷದ ಮಗಳು ಬಂದಿದ್ದರು. ಮಗುವಿಗೆ ಗೋಡಂಬಿ ಅಲರ್ಜಿ. ಮಂಡ್ಯದಿಂದ ಅಜ್ಜಿಯ ಮಗಳು, ಅಳಿಯ, ಕಾಲೇಜಿನಲ್ಲಿ ಓದುವ ಅವರ ಮಗ. ಜಾಗ ಆರಿಸಿದ್ದು ಈ ಹುಡುಗ. ನಿವೃತ್ತರಾದ ತನ್ನ ಅತ್ತೆಗೆ ಏನಾದರೂ ಹೊಸದನ್ನು ತೋರಿಸಬೇಕೆಂಬ ಪ್ರೀತಿ ಅವನದು. ಮುಂದೆ ನಡೆದದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ ಎಂಬುದನ್ನು ಬರೆಯಲೇಬೇಕು.

ಫೋನಿನಲ್ಲಿ ಟೇಬಲ್ ಕಾಯ್ದಿರಿಸುವಾಗ ಅವನು ಹೇಳಿದ್ದು ಇಷ್ಟು: ಒಂಬತ್ತು ಜನ, ಏಳೂವರೆಗೆ, ಸಸ್ಯಾಹಾರ. ಆ ಕಡೆಯವರೂ ಬೇರೆ ಏನನ್ನೂ ಕೇಳಲಿಲ್ಲ.

ಆ ಸಂಜೆ

ಅಜ್ಜಿ ಏಳೂಕಾಲಿಗೆ ಮನೆಯಲ್ಲಿ ಮಾತ್ರೆ ನುಂಗಿ ಹೊರಟರು. ರೆಸ್ಟೋರೆಂಟಿನಲ್ಲಿ ಹಿಂದಿನ ಗಿರಾಕಿಗಳು ಎದ್ದಿರಲಿಲ್ಲ. ಕುಳಿತುಕೊಳ್ಳುವಷ್ಟರಲ್ಲಿ ಎಂಟಾಗುತ್ತಾ ಬಂದಿತ್ತು. ಮೆನು ಓದಿ, ಚರ್ಚಿಸಿ, ಹುಡುಗ ಹತ್ತು ಹನ್ನೆರಡು ಪದಾರ್ಥಗಳ ಆರ್ಡರ್ ಕೊಟ್ಟ. ಬಡಿಸುವ ತರುಣ ಅಲ್ಲಿಯ ಎಲ್ಲ ಬಡಿಸುವವರೂ ಹೇಳುವ ಮಾತನ್ನು ಹೇಳಿದ: "ಆದ ಹಾಗೆ ಒಂದೊಂದೇ ತರುತ್ತೇವೆ."

ಮೊದಲು ಬಂದದ್ದು ಆಲಿವ್ ಕಾಯಿ. ನಂತರ ಬ್ರುಸ್ಕೆಟ್ಟಾ, ಅಂದರೆ ಸುಟ್ಟ ಬ್ರೆಡ್ಡಿನ ಮೇಲೆ ಹೆಚ್ಚಿದ ಟೊಮೇಟೊ. ಅಜ್ಜಿ ಒಂದು ತುಂಡನ್ನು ಕೈಗೆ ತೆಗೆದುಕೊಂಡು ಅಂಚನ್ನು ಒತ್ತಿ ನೋಡಿದರು, ತಿರುಗಿಸಿದರು, ಮೇಲಿನ ಟೊಮೇಟೊವನ್ನಷ್ಟೇ ತಿಂದು ಬ್ರೆಡ್ಡನ್ನು ತಟ್ಟೆಯ ಬದಿಗಿಟ್ಟರು. ಕಟ್ಟಿಸಿದ ಹಲ್ಲಿಗೆ ಆ ಅಂಚು ಬಗ್ಗುವಂತಿರಲಿಲ್ಲ. ಮೆತ್ತನೆಯ ಫೊಕಾಚಾ ಅದೇ ಮೆನುವಿನಲ್ಲಿತ್ತು, ಆ ಟೇಬಲ್ಲಿನವರಿಗೆ ಅದು ಏನೆಂದು ಗೊತ್ತಿರಲಿಲ್ಲ.

ಆಮೇಲೆ ಅರಂಚೀನಿ ಬಂತು. ಸಿಸಿಲಿಯ ಪದಾರ್ಥ ಅದು, ಅನ್ನದ ಉಂಡೆಯೊಳಗೆ ಚೀಸ್ ಇಟ್ಟು ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದದ್ದು. ತಟ್ಟೆಯಲ್ಲಿ ನಾಲ್ಕಿದ್ದವು. ಒಂಬತ್ತು ಜನ ಆ ನಾಲ್ಕನ್ನು ನೋಡಿದರು. "ನೀವು ತೆಗೆದುಕೊಳ್ಳಿ ಅತ್ತೆ", "ಮಗುವಿಗೆ ಕೊಡಿ", "ನನಗೆ ಬೇಡ, ನೀವು ತಿನ್ನಿ ಭಾವ" ಎಂಬ ಮಾತುಗಳ ನಡುವೆ ಎರಡು ಉಂಡೆ ಅರ್ಧರ್ಧವಾದವು, ಮೂರನೆಯದು ಮಗುವಿನ ಪಾಲಾಯಿತು, ನಾಲ್ಕನೆಯದು ಯಾರೂ ಮುಟ್ಟದೆ ಆರಿಹೋಯಿತು. ನಮ್ಮ ಮನೆಗಳಲ್ಲಿ ಕೊನೆಯ ತುಂಡಿಗೆ ಕೈ ಹಾಕುವವರು ಯಾರು? ಬಾಳೆ ಎಲೆಯ ಊಟದಲ್ಲಿ ಬಡಿಸುವವರು ಸಾಲಿನುದ್ದಕ್ಕೂ ನಡೆದು ಪ್ರತಿ ಎಲೆಗೂ ಅದೇ ಪದಾರ್ಥವನ್ನು ಹಾಕುತ್ತಾರೆ. ತನ್ನ ಎಲೆ ತನ್ನದು. ಯಾರಿಗೆ ಎಷ್ಟು ಎಂಬ ಲೆಕ್ಕವನ್ನು ಉಣ್ಣುವವರು ಹಾಕಬೇಕಾಗಿಲ್ಲ. ಸಣ್ಣ ತಟ್ಟೆಯ ಊಟದಲ್ಲಿ ಆ ಲೆಕ್ಕವೆಲ್ಲ ಟೇಬಲ್ಲಿನ ಮೇಲೆ ಬೀಳುತ್ತದೆ, ಸಂಕೋಚದ ಸ್ವಭಾವದವರು ಹಸಿದೇ ಉಳಿಯುತ್ತಾರೆ.

ಅಜ್ಜಿ ಮಾತ್ರೆ ನುಂಗಿ ಒಂದು ಗಂಟೆ ದಾಟಿತ್ತು. ಅವರ ಹೊಟ್ಟೆಗೆ ಹೋದದ್ದು ಒಂದಿಷ್ಟು ಟೊಮೇಟೊ, ಅರ್ಧ ಅರಂಚೀನಿ. ಕೈ ಸಣ್ಣಗೆ ನಡುಗುತ್ತಿರುವುದನ್ನು ಮಗಳು ನೋಡಿ, ಕೈಚೀಲದಲ್ಲಿದ್ದ ಬಿಸ್ಕತ್ತು ಕೊಟ್ಟರು. ಬಡಿಸುವ ತರುಣನಿಗೆ ಇದು ಕಾಣಲಿಲ್ಲ. ಅವನು ಏಕಕಾಲಕ್ಕೆ ನಾಲ್ಕು ಟೇಬಲ್ ನೋಡಿಕೊಳ್ಳುತ್ತಿದ್ದ.

ಮುಂದಿನದು ಪೆಸ್ಟೊ ಎಂಬ ಹಸಿರು ಚಟ್ನಿ ಹಾಕಿದ ನ್ಯೋಕಿ, ಆಲೂಗಡ್ಡೆಯಿಂದ ಮಾಡಿದ ಪುಟ್ಟ ಉಂಡೆಗಳು. ಜೊತೆಯಲ್ಲೇ ಬುರ್ರಾಟಾ ಎಂಬ ಮೆತ್ತನೆಯ ಬಿಳಿ ಚೀಸ್ ಮತ್ತು ಟೊಮೇಟೊದ ತಟ್ಟೆಯೂ ಬಂತು. ಮಗುವಿನ ತಾಯಿ ಹಸಿರು ಬಣ್ಣ ನೋಡಿದ ತಕ್ಷಣ ಕೇಳಿದರು: "ಇದರಲ್ಲಿ ನಟ್ಸ್ ಇದೆಯೇ?"

"ಇಲ್ಲ ಮೇಡಂ, ನಾವು ಪೈನ್ ನಟ್ ಹಾಕುವುದೇ ಇಲ್ಲ."

ಇಡೀ ಪ್ರಕರಣ ತಿರುಗುವುದು ಈ ಉತ್ತರದ ಮೇಲೆ. ಅವನು ಸುಳ್ಳು ಹೇಳಲಿಲ್ಲ. ಜಿನೋವಾದ ಪೆಸ್ಟೊಗೆ ತುಳಸಿಯ ಜಾತಿಗೆ ಸೇರಿದ ಬೇಸಿಲ್ ಎಲೆ, ಬೆಳ್ಳುಳ್ಳಿ, ಉಪ್ಪು, ಗಟ್ಟಿ ಚೀಸ್, ಆಲಿವ್ ಎಣ್ಣೆ ಮತ್ತು ಪೈನ್ ಮರದ ಬೀಜ ಬೇಕು. ಆ ಬೀಜ ನಮ್ಮಲ್ಲಿ ಬಹಳ ದುಬಾರಿ. ಚಿಲ್ಗೋಜಾ ಎಂಬ ಹೆಸರಿನಲ್ಲಿ ಹಿಮಾಚಲದ ಕಿನ್ನೌರಿನಿಂದ ಬರುತ್ತದೆ. ಹಾಗಾಗಿ ನಮ್ಮ ದೇಶದ ಅನೇಕ ಅಡುಗೆಮನೆಗಳು ಅದರ ಜಾಗದಲ್ಲಿ ಗೋಡಂಬಿ ಅರೆದು ಹಾಕುತ್ತವೆ. ಈ ಅಡುಗೆಮನೆಯೂ ಅದನ್ನೇ ಮಾಡುತ್ತಿತ್ತು. ಯೋಗ ಕಲಿಯಲು ಬಂದ ವಿದೇಶಿ ಗಿರಾಕಿಗಳು ಪೆಸ್ಟೊ ವಿಷಯದಲ್ಲಿ ಕೇಳುತ್ತಿದ್ದದ್ದು ಪೈನ್ ನಟ್ ಇದೆಯೇ ಎಂದು. ಕಲಿತ ಉತ್ತರವನ್ನೇ ತರುಣ ಕೊಟ್ಟ. ತಾಯಿಗೆ "ಇಲ್ಲ" ಎಂಬುದಷ್ಟೇ ಕೇಳಿಸಿತು.

ಆ ಟೇಬಲ್ಲಿನಲ್ಲಿ ಹೊಸ ತಟ್ಟೆ ಬಂದಾಗಲೆಲ್ಲ ಬೇರೆಯವರ ಚಮಚ ತಾಗುವ ಮೊದಲು ಅಜ್ಜಿಗೆ ಬಡಿಸುತ್ತಿದ್ದರು. ನ್ಯೋಕಿಯನ್ನೂ ಹಾಗೆಯೇ ಬಡಿಸಿದರು. ಅದೇ ಚಮಚದಿಂದ ಮಗುವಿಗೆ ಬುರ್ರಾಟಾದ ಪಕ್ಕದ ಟೊಮೇಟೊ ಹಾಕಿದರು. ಅಜ್ಜಿ ಒಂದು ತುತ್ತು ತಿಂದು, ನಾಲಿಗೆಯ ಮೇಲೆ ಆಡಿಸಿ, ಹೇಳಿದರು: "ಇದಕ್ಕೆ ಗೋಡಂಬಿ ಅರೆದು ಹಾಕಿದ್ದಾರೆ."

ಜೀವಮಾನವಿಡೀ ಸಾಗು, ಪಾಯಸಗಳಿಗೆ ಗೋಡಂಬಿ ಅರೆದ ನಾಲಿಗೆ ಅದು. ತಾಯಿ ಮಗುವಿನ ಮುಂದಿನ ತಟ್ಟೆಯನ್ನು ಎಳೆದುಕೊಂಡರು. ಮಗು ನ್ಯೋಕಿ ಮುಟ್ಟಿರಲಿಲ್ಲ. ಆದರೆ ಟೊಮೇಟೊ ತಿಂದಾಗಿತ್ತು. ಐದು ನಿಮಿಷದೊಳಗೆ ತುಟಿಯ ಸುತ್ತ ಕೆಂಪು ದದ್ದುಗಳೆದ್ದವು, ಗಂಟಲು ಕೆರೆಯುತ್ತಿದೆ ಎಂದು ಮಗು ಅಳತೊಡಗಿತು. ಜೊತೆಯಲ್ಲಿ ಇಟ್ಟುಕೊಂಡಿದ್ದ ಅಲರ್ಜಿಯ ಔಷಧ ಕುಡಿಸಿ, ಇನ್ನೂ ನೋಡೋಣ ಎಂದು ಕಾಯದೆ, ಹತ್ತಿರದ ಆಸ್ಪತ್ರೆಗೆ ಹೊರಟರು. ಕಾಯದೆ ಹೊರಟದ್ದು ಅತ್ಯಂತ ಸರಿಯಾದ ತೀರ್ಮಾನ. ಇಂತಹ ಅಲರ್ಜಿ ದದ್ದಿನಿಂದ ಆರಂಭವಾಗಿ ಉಸಿರಿನ ತೊಂದರೆಗೆ ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ; ಆಗ ಬೇಕಾಗುವ ಅಡ್ರಿನಲಿನ್ ಚುಚ್ಚುಮದ್ದು ಆಸ್ಪತ್ರೆಯಲ್ಲಿರುತ್ತದೆ. ವೈದ್ಯರು ಕೆಲವು ಗಂಟೆ ಇರಿಸಿಕೊಂಡು, ನಿಗಾ ಮಾಡಿ ಕಳುಹಿಸಿದರು.

ಉಳಿದ ತಟ್ಟೆಗಳು ಖಾಲಿ ಟೇಬಲ್ಲಿಗೆ ಬರುತ್ತಲೇ ಇದ್ದವು. ಬಿಲ್ ಕೊಡಲು ಹಿಂದೆ ಉಳಿದ ಅಳಿಯ ಅದರಲ್ಲಿ ಸೇವಾ ಶುಲ್ಕವೂ ಸೇರಿರುವುದನ್ನು ಕಂಡು ತೆಗೆಸಿದರು. ಅದನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ.

ದೂರು, ಮತ್ತು ಎರಡು ಒಳ್ಳೆಯ ತೀರ್ಮಾನಗಳು

ಮೊಮ್ಮಗ ಆ ರಾತ್ರಿಯೇ ಇಂಟರ್ನೆಟ್ಟಿನಲ್ಲಿ ಖಾರವಾಗಿ ಬರೆಯಲು ಕುಳಿತಿದ್ದ. ತಡೆದದ್ದು ಅವನ ಹೆಂಡತಿ. "ನಾವು ಬರೆದರೆ ಅವರು ಕ್ಷಮೆ ಕೇಳುತ್ತಾರೆ. ಪೆಸ್ಟೊ ಹಾಗೆಯೇ ಇರುತ್ತದೆ" ಎಂದರಂತೆ. ಅವರು ಮಾಲೀಕರಿಗೆ ನೇರವಾಗಿ ಪತ್ರ ಬರೆದರು. ಯಾವ ಪ್ರಶ್ನೆ ಕೇಳಿದೆ, ಯಾವ ಉತ್ತರ ಬಂತು, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಕ್ರಮವಾಗಿ ಬರೆದು, ಬಡಿಸಿದ ತರುಣನನ್ನು ಕೆಲಸದಿಂದ ತೆಗೆಯಬೇಡಿ ಎಂದು ಕೇಳಿಕೊಂಡರು. ನಾನು ಓದಿದ ದೂರುಗಳಲ್ಲಿ ಇಷ್ಟು ಉಪಯೋಗವಾದದ್ದು ಮತ್ತೊಂದಿಲ್ಲ.

ಮಾಲೀಕರ ಮೊದಲ ತೀರ್ಮಾನವೂ ಚೆನ್ನಾಗಿತ್ತು. ಉಚಿತ ಊಟದ ಆಮಿಷ ಒಡ್ಡದೆ, ಮನೆಗೆ ಬಂದು ಮಾತನಾಡಬಹುದೇ ಎಂದು ಕೇಳಿದರು.

ಏನೇನು ಮಾಡಿ ನೋಡಿದರು

ಮೊದಲ ಕ್ರಮ ಕೆಲಸಕ್ಕೆ ಬರಲಿಲ್ಲ. ಅಲರ್ಜಿ ಇದ್ದರೆ ತಿಳಿಸಿ ಎಂಬ ಒಂದು ಸಾಲನ್ನು ಮೆನುವಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಸಣ್ಣ ಅಕ್ಷರ, ಮಂದ ಬೆಳಕು, ಯಾರೂ ಓದಲಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಉಪಾಹಾರ ಗೃಹಗಳು ಅಲರ್ಜಿಯ ಮಾಹಿತಿ ಕೊಡಬೇಕೆಂಬ ನಿಯಮ ನಮ್ಮಲ್ಲಿದೆ. ಒಂದೇ ಮಳಿಗೆಯ ರೆಸ್ಟೋರೆಂಟುಗಳ ಮೇಲೆ ಆ ಒತ್ತಡವಿಲ್ಲ. ಹಾಗಾಗಿ ಇಂತಹ ಕಡೆ ಎಲ್ಲವೂ ಬಡಿಸುವವನ ಬಾಯಿಯ ಮೇಲೆ ನಿಂತಿರುತ್ತದೆ.

ಅಲ್ಲಿಂದ ಅಡುಗೆಮನೆಗೆ ಹೋದೆವು. ಮುಖ್ಯ ಬಾಣಸಿಗರು ಒಂದೊಂದು ಪದಾರ್ಥಕ್ಕೂ ಹಾಕುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದರು. ಬರೆಯುತ್ತಾ ಹೋದ ಹಾಗೆ ಬಡಿಸುವವರಿಗೆ ಗೊತ್ತೇ ಇರದ ಸಂಗತಿಗಳು ಹೊರಬಂದವು. ಸಸ್ಯಾಹಾರವೆಂದು ಕೊಡುತ್ತಿದ್ದ ನ್ಯೋಕಿಯ ಹಿಟ್ಟಿನಲ್ಲಿ ಮೊಟ್ಟೆಯಿತ್ತು. ಅಜ್ಜಿ ತಿಂದ ಆ ಒಂದು ತುತ್ತಿನಲ್ಲೂ ಇತ್ತು. ಮಾಲೀಕರು ಅದನ್ನು ಮುಚ್ಚಿಡದೆ ಕುಟುಂಬಕ್ಕೆ ತಿಳಿಸಿದರು. ಕೇಳಲು ಕಷ್ಟವಾದ ಮಾತು, ಆದರೆ ಅವರ ಮೇಲೆ ಕುಟುಂಬಕ್ಕೆ ನಂಬಿಕೆ ಹುಟ್ಟಿದ್ದು ಆ ದಿನ. ಪನ್ನಾ ಕೋಟಾ ಎಂಬ ಕೆನೆಯ ಸಿಹಿಗೆ ಜೆಲಟಿನ್ ಹಾಕುತ್ತಿದ್ದರು, ಅದು ಪ್ರಾಣಿಜನ್ಯ. ರಿಸೊಟ್ಟೊಗೆ ಬಿಳಿ ವೈನ್ ಬೀಳುತ್ತಿತ್ತು. ಕುದಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ ಎಂಬ ನಂಬಿಕೆ ಅಡುಗೆಮನೆಗಳಲ್ಲಿದೆ, ಅದು ಪೂರ್ತಿ ನಿಜವಲ್ಲ. ಚೀಸಿನ ವಿಷಯದಲ್ಲಿ ಮಾತ್ರ ಸಮಾಧಾನ. ಇಟಲಿಯ ನಿಜವಾದ ಪಾರ್ಮಿಜಾನೊ ರೆಜಾನೊ ಮಾಡಲು ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇವರು ಬಳಸುತ್ತಿದ್ದದ್ದು ದೇಶದಲ್ಲೇ ತಯಾರಾದ, ಹಸಿರು ಚುಕ್ಕೆಯ ಗಟ್ಟಿ ಚೀಸ್.

ನ್ಯೋಕಿಯಿಂದ ಮೊಟ್ಟೆ ಹೋಯಿತು. ಹಿಂದಿನ ದಿನ ಬೇಯಿಸಿದ ಒಣ ಆಲೂಗಡ್ಡೆಯಿಂದ ಮಾಡಿದರೆ ಅದಿಲ್ಲದೆಯೂ ಹಿಟ್ಟು ಹಿಡಿದುಕೊಳ್ಳುತ್ತದೆ ಎಂದು ಬಾಣಸಿಗರು ಕಂಡುಕೊಂಡರು. ಪನ್ನಾ ಕೋಟಾಗೆ ಜೆಲಟಿನ್ ಬದಲು ಕಡಲ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಬಂತು. ಪೆಸ್ಟೊದಲ್ಲಿ ಗೋಡಂಬಿ ಉಳಿಯಿತು, ಆದರೆ ಮೆನುವಿನಲ್ಲಿ ಅದರ ಹೆಸರು ಈಗ "ಗೋಡಂಬಿ ಪೆಸ್ಟೊ".

ಬಡಿಸುವವರಿಗೆ ಒಂದೇ ಪಾಠ ಹೇಳಿದೆ: ಏನು ಇಲ್ಲ ಎಂದು ಹೇಳಬೇಡಿ, ಏನು ಇದೆ ಎಂದು ಹೇಳಿ. "ನಟ್ಸ್ ಇದೆಯೇ" ಎಂದು ಕೇಳಿದರೆ "ಬೇಸಿಲ್, ಬೆಳ್ಳುಳ್ಳಿ, ಚೀಸ್, ಗೋಡಂಬಿ, ಆಲಿವ್ ಎಣ್ಣೆ" ಎಂಬುದೇ ಉತ್ತರ. ಗೊತ್ತಿಲ್ಲದಿದ್ದರೆ ಹಾಳೆ ನೋಡಿ ಬಂದು ಹೇಳಬೇಕು. ಗಿರಾಕಿಗಳಿಗೂ ಇದೇ ಮಾತು. "ಇದರಲ್ಲಿ ಅದು ಇದೆಯೇ" ಎಂದು ಕೇಳುವುದಕ್ಕಿಂತ "ಇದಕ್ಕೆ ಏನೇನು ಹಾಕಿದ್ದೀರಿ" ಎಂದು ಕೇಳಿ. ಗೋಡಂಬಿ ಆಗದ ಅನೇಕರಿಗೆ ಪಿಸ್ತಾವೂ ಆಗುವುದಿಲ್ಲ, ಎರಡೂ ಒಂದೇ ಸಸ್ಯಕುಟುಂಬದವು. ಇಟಾಲಿಯನ್ ಸಿಹಿತಿಂಡಿಗಳ ಮೇಲೆ ಪಿಸ್ತಾ ಉದುರಿಸುವುದು ಮಾಮೂಲು.

ನಿಜವಾದ ಜಗಳ ನಡೆದದ್ದು ಚಮಚದ ಬಗ್ಗೆ. ಒಬ್ಬರಿಗೆ ಗೋಡಂಬಿ ಆಗದಿದ್ದರೆ ಆ ಇಡೀ ಟೇಬಲ್ಲಿಗೆ ಗೋಡಂಬಿಯ ಪದಾರ್ಥ ಕೊಡಬಾರದು ಎಂದು ಕ್ಯಾಪ್ಟನ್, ಅಂದರೆ ಬಡಿಸುವವರ ಮೇಲ್ವಿಚಾರಕರು, ಹೇಳಿದರು. ಒಬ್ಬರಿಗಾಗಿ ಎಂಟು ಜನರಿಗೆ ಏಕೆ ಇಲ್ಲವೆನ್ನಬೇಕು, ಪೆಸ್ಟೊ ನಮ್ಮಲ್ಲಿ ಹೆಚ್ಚು ಖರ್ಚಾಗುವ ಪದಾರ್ಥ ಎಂದು ಮಾಲೀಕರು ವಾದಿಸಿದರು. ಕ್ಯಾಪ್ಟನ್ ಒಂದು ಟೇಬಲ್ ಹಾಕಿ, ಐದು ತಟ್ಟೆ ಇಟ್ಟು, ಸಿಬ್ಬಂದಿಯನ್ನೇ ಊಟಕ್ಕೆ ಕೂರಿಸಿದರು. ಪ್ರತಿ ತಟ್ಟೆಗೂ ಬೇರೆ ಚಮಚವಿತ್ತು. ತಿಂದು ಮುಗಿಸುವಷ್ಟರಲ್ಲಿ ಬುರ್ರಾಟಾದ ಬಿಳಿಯ ಮೇಲೆ ಹಸಿರು ಗೆರೆ ಮೂಡಿತ್ತು, ಬದನೆಕಾಯಿಯ ಚಮಚ ನ್ಯೋಕಿಯಲ್ಲಿತ್ತು. ಮಾಲೀಕರು ಅದನ್ನು ಬಹಳ ಹೊತ್ತು ನೋಡಿ ಒಪ್ಪಿಕೊಂಡರು. ಹಂಚಿಕೊಂಡು ತಿನ್ನುವ ಟೇಬಲ್ಲಿನಲ್ಲಿ ಒಬ್ಬರ ಪಥ್ಯ ಎಲ್ಲರ ಪಥ್ಯ. ಈಗ ಅಂತಹ ಟೇಬಲ್ಲಿನ ಆರ್ಡರ್ ಚೀಟಿಯ ತಲೆಯಲ್ಲೇ ಆ ಪದಾರ್ಥದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ.

ಟೇಬಲ್ ಕಾಯ್ದಿರಿಸುವ ಫೋನಿನಲ್ಲೂ ಈಗ ಕನ್ನಡದಲ್ಲೇ ಕೇಳುತ್ತಾರೆ: ಯಾರಿಗಾದರೂ ಏನಾದರೂ ಆಗುವುದಿಲ್ಲವೇ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಾದವರು ಇದ್ದಾರೆಯೇ, ಮೊಟ್ಟೆ ತಿನ್ನುತ್ತೀರಾ.

ಎರಡನೆಯ ಸಲ

ಕುಟುಂಬ ಮತ್ತೆ ಹೋಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಹೋಗೋಣ ಎಂದವರು ಅಜ್ಜಿ. ಸೊಸೆಯ ಊಟ ಅರ್ಧಕ್ಕೆ ನಿಂತಿದೆ ಎಂಬುದು ಅವರ ಕಾರಣ.

ಬುಧವಾರ ಸಂಜೆ ಏಳು ಗಂಟೆಗೆ, ಗದ್ದಲವಿಲ್ಲದ ಹೊತ್ತು ಆರಿಸಿಕೊಂಡರು. ಅಜ್ಜಿ ಮಾತ್ರೆಯನ್ನು ಮನೆಯಲ್ಲಿ ನುಂಗಲಿಲ್ಲ. ಟೇಬಲ್ಲಿನಲ್ಲಿ ಕುಳಿತು, ಮೊದಲ ತಟ್ಟೆ ಅರ್ಧ ಗಂಟೆಯಲ್ಲಿ ಬರುತ್ತದೆಂದು ಖಾತ್ರಿಪಡಿಸಿಕೊಂಡು ನುಂಗಿದರು. ವೈದ್ಯರನ್ನು ಕೇಳಿಯೇ ಹೀಗೆ ಮಾಡಿದ್ದು. ಆದ ಹಾಗೆ ತರುವ ಪದ್ಧತಿ ಬಿಟ್ಟು ಅಡುಗೆಮನೆ ಊಟವನ್ನು ಸುತ್ತುಗಳಾಗಿ ಕಳುಹಿಸಿತು. ಮೊದಲ ಸುತ್ತಿನಲ್ಲಿ ಹೊಟ್ಟೆಗೆ ಆಧಾರವಾಗುವಂಥವು: ಫೊಕಾಚಾ, ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಮಿನೆಸ್ಟ್ರೋನೆ ಎಂಬ ತರಕಾರಿ ಸೂಪ್, ಮತ್ತು ಕಪೊನಾಟಾ. ಈ ಕಪೊನಾಟಾ ಕೂಡ ಸಿಸಿಲಿಯದು; ಬದನೆಕಾಯಿಯನ್ನು ಕರಿದು ಟೊಮೇಟೊ, ಸೆಲರಿ, ವಿನೆಗರ್, ಸಕ್ಕರೆ ಹಾಕಿ ಹುಳಿ ಸಿಹಿಯಾಗಿ ಮಾಡುತ್ತಾರೆ. ಅಜ್ಜಿಗೆ ಹಿಡಿಸಿದ್ದು ಇದೇ. "ಬೆಲ್ಲ ಹಾಕಿದ್ದೀರಾ?" ಎಂದು ಕೇಳಿದರು. ಮೊದಲ ಸಲ ಬಡಿಸಿದ ಅದೇ ತರುಣ, ಇಲ್ಲ ಎಂದು ಹೇಳಿ ನಿಲ್ಲಿಸದೆ, ಹಾಕಿದ್ದೆಲ್ಲವನ್ನೂ ಒಂದೊಂದಾಗಿ ಹೇಳಿದ. ಅಜ್ಜಿ ಫೊಕಾಚಾವನ್ನು ಅದರಲ್ಲಿ ಅದ್ದಿಕೊಂಡು ಎರಡನೆಯ ಸಲವೂ ಹಾಕಿಸಿಕೊಂಡರು.

ಅವರ ಪಾಲನ್ನು ಅಡುಗೆಮನೆಯಲ್ಲೇ ಬೇರೆ ತಟ್ಟೆಗೆ ಹಾಕಿ ಕಳುಹಿಸುತ್ತಿದ್ದರು. ಕೇಳಿದರೆ ಅನೇಕ ಕಡೆ ಮಾಡಿಕೊಡುತ್ತಾರೆ, ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ಅರಂಚೀನಿ ಒಂಬತ್ತು ಬಂದವು. ನಾಲ್ಕರ ತಟ್ಟೆಯ ಬದಲು ತಲೆಗೊಂದರಂತೆ ಕೊಡುವ ಈ ಏರ್ಪಾಡನ್ನು ಮಾಲೀಕರು ಆರಕ್ಕಿಂತ ಹೆಚ್ಚು ಜನರಿರುವ ಎಲ್ಲ ಟೇಬಲ್ಲುಗಳಿಗೂ ವಿಸ್ತರಿಸಿದ್ದಾರೆ. ಇದರಿಂದ ಆರ್ಡರ್ ಮಾಡುವಾಗಲೇ ಬಿಲ್ಲಿನ ಅಂದಾಜೂ ಸಿಗುತ್ತದೆ.

ಆ ದಿನ ಟೇಬಲ್ಲಿನಲ್ಲಿ ಪೆಸ್ಟೊ ಇರಲಿಲ್ಲ. ಕಾಲೇಜು ಹುಡುಗನಿಗೆ ಅದು ಇಷ್ಟ, ಆದರೂ ಕೇಳಲಿಲ್ಲ. ನ್ಯೋಕಿಯನ್ನು ಟೊಮೇಟೊ ಸಾಸಿನಲ್ಲಿ ಮಾಡಿಸಿದ್ದರು. ಮಗು ತಾಯಿಯ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ತಿಂದಿತು.

ಇನ್ನೂ ಬಗೆಹರಿಯದ್ದು

ಎಲ್ಲವೂ ಸರಿಹೋಯಿತೆಂದು ಬರೆದರೆ ಓದುವವರಿಗೆ ಅನ್ಯಾಯವಾಗುತ್ತದೆ. ಊಟವನ್ನು ಸುತ್ತುಗಳಾಗಿ ಕಳುಹಿಸುವುದು ಬುಧವಾರ ಸಾಧ್ಯ. ಶನಿವಾರ ರಾತ್ರಿ ಎಲ್ಲ ಟೇಬಲ್ಲುಗಳೂ ತುಂಬಿರುವಾಗ ಅಡುಗೆಮನೆ ಹಳೆಯ ಪದ್ಧತಿಗೆ ಜಾರುತ್ತದೆ. ಬಡಿಸುವ ಹುಡುಗರು ಕೆಲವು ತಿಂಗಳಿಗೆ ಕೆಲಸ ಬಿಟ್ಟು ಬೇರೆಡೆ ಹೋಗುತ್ತಾರೆ. ಹೊಸಬರಿಗೆ ಹಾಳೆಯನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಗೋಡಂಬಿ ಅರೆಯುವ ಮಿಕ್ಸಿಯ ಜಾರನ್ನು ಪ್ರತ್ಯೇಕಿಸಿದ್ದಾರೆ. ಆದರೆ ಬ್ರೆಡ್, ಪಾಸ್ತಾ ಮಾಡುವ ಅಡುಗೆಮನೆಯಲ್ಲಿ ಗೋಧಿ ಹಿಟ್ಟು ಗಾಳಿಯಲ್ಲೇ ಹಾರಾಡುತ್ತಿರುತ್ತದೆ. ಗೋಧಿ ಸ್ವಲ್ಪವೂ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಅಲ್ಲಿ ಸುರಕ್ಷಿತ ಊಟ ಕೊಡುವ ದಾರಿ ಸಿಕ್ಕಿಲ್ಲ. ಅಂತಹವರು ಫೋನ್ ಮಾಡಿದರೆ, ನಮ್ಮಲ್ಲಿ ಆಗುವುದಿಲ್ಲ ಎಂದು ಈಗ ನೇರವಾಗಿ ಹೇಳುತ್ತಾರೆ. ಶನಿವಾರ ದೊಡ್ಡ ಗುಂಪಿನ ಜೊತೆ ಅಲರ್ಜಿಯವರೂ ಬರುತ್ತೇವೆಂದರೆ, ವಾರದ ನಡುವೆ ಬನ್ನಿ ಎನ್ನುತ್ತಾರೆ. ಕೆಲವರು ಬರುತ್ತಾರೆ, ಕೆಲವರು ಬೇರೆ ಕಡೆ ಹೋಗುತ್ತಾರೆ. ಮಾಲೀಕರು ಅದಕ್ಕೆ ಒಪ್ಪಿಯೇ ಈ ನಿಯಮ ಮಾಡಿದ್ದಾರೆ.